ಜಯಮಂಗಲಿಯ ಜಾಡಿನಲ್ಲಿ ಜಲವರ್ಣ

ದೇವರಾಯನದುರ್ಗದ ಬೆಟ್ಟಸಾಲಿನ ಮೇಲೆ ಬಿದ್ದ ಮಳೆ ಎರಡು ದಿಕ್ಕಿಗೆ ಹಂಚಿಹೋಗುತ್ತದೆ. ಒಂದು ಪಾಲು ಶಿಂಷೆಯಾಗಿ ದಕ್ಷಿಣಕ್ಕಿಳಿದು ಕಾವೇರಿಯನ್ನು ಸೇರುತ್ತದೆ. ಇನ್ನೊಂದು ಪಾಲು ಜಯಮಂಗಲಿ ಎಂಬ ಹೆಸರಿನಲ್ಲಿ ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಉತ್ತರ ಪಿನಾಕಿನಿಯ ಕಡೆಗೆ ಸಾಗುತ್ತದೆ. ಮಾರ್ಚ್ ತಿಂಗಳಿನಲ್ಲಿ ಈ ಎರಡನೆಯ ಹೊಳೆಯಲ್ಲಿ ನೀರಿಗಿಂತ ಮರಳೇ ಹೆಚ್ಚು. ಆದರೂ ನಮ್ಮ ತುಮಕೂರು ಜಿಲ್ಲೆಯ ಹಕ್ಕಿಗಳನ್ನೂ ಕಾಡುಪ್ರಾಣಿಗಳನ್ನೂ ಅವು ಬದುಕುವ ಜಾಗದಲ್ಲಿಯೇ ಕುಳಿತು ಜಲವರ್ಣದಲ್ಲಿ ಬರೆಯಬೇಕೆಂದು ಹೊರಟಾಗ, ಬೆಟ್ಟದಿಂದ ಬಯಲಿಗೆ ಇಳಿಯುವ ಆ ಜಾಡೇ ಸರಿಯಾದ ದಾರಿ ಎನಿಸಿತು. ಬೆಟ್ಟದ ಬಂಡೆಗಳಲ್ಲಿ ಹಳದಿ ಕೊರಳಿನ ಪಿಕಳಾರ (ಬುಲ್‌ಬುಲ್), ಆಂಧ್ರದ ಗಡಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ; ಈ ಮೂರು ಮುಖ್ಯ, ಉಳಿದದ್ದು ಸಿಕ್ಕಷ್ಟು ಎಂದು ಲೆಕ್ಕ ಹಾಕಿಕೊಂಡೆವು. ಜೊತೆಗೆ ಬಂದವನು ನನ್ನ ಹಳೆಯ ವಿದ್ಯಾರ್ಥಿ. ನನ್ನ ಡ್ರಾಯಿಂಗ್ ತರಗತಿಯಲ್ಲಿ ಕಿಟಕಿಯಾಚೆಯ ಹಕ್ಕಿಗಳನ್ನೇ ನೋಡುತ್ತಿದ್ದ ಅವನು ಈಗ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು, ಬಿಡುವಿನಲ್ಲಿ ಪಕ್ಷಿವೀಕ್ಷಕ.

ಜಲವರ್ಣವನ್ನು ಕಲಿಸುವ ಪುಸ್ತಕಗಳಲ್ಲಿ ನಾನು ಓದಿದ ಹೆಚ್ಚಿನವು ಮಂಜು, ಮೋಡ, ತೇವ ಇರುವ ದೇಶಗಳಲ್ಲಿ ಬರೆದವು. ಕಾಗದವನ್ನು ಒದ್ದೆಮಾಡಿ, ಬಣ್ಣವನ್ನು ಹರಿಯಲು ಬಿಟ್ಟು, ನಿಧಾನವಾಗಿ ಮುಂದುವರಿಯಿರಿ ಎಂದು ಅವು ಹೇಳುತ್ತವೆ. ಶಿವರಾತ್ರಿ ಕಳೆದು ಚಳಿಯು ಶಿವಶಿವಾ ಎಂದು ಹೊರಟುಹೋದ ಮೇಲೆ ಬಯಲುಸೀಮೆಯಲ್ಲಿ ಆ ನಿಧಾನಕ್ಕೆ ಎಡೆಯಿಲ್ಲ. ಹಾಳೆಯ ಮೇಲ್ತುದಿಯಲ್ಲಿ ಎಳೆದ ಆಕಾಶದ ವಾಶ್, ಅಂದರೆ ನೀರಾದ ಬಣ್ಣದ ತೆಳು ಹರವು, ಕೆಳತುದಿಯನ್ನು ಮುಟ್ಟುವ ಮೊದಲೇ ಒಣಗಿ ಗೆರೆ ಕಟ್ಟಿಬಿಡುತ್ತದೆ. ಇಲ್ಲಿಯ ಪ್ರಾಣಿಯನ್ನು ಇಲ್ಲಿಯ ಬಿಸಿಲಿನಲ್ಲಿ ಬರೆಯುವವರು ವಿಧಾನವನ್ನೂ ಇಲ್ಲಿಗೆ ತಕ್ಕಂತೆ ಕಂಡುಕೊಳ್ಳಬೇಕು ಎಂಬುದು ನನ್ನ ಬಹುಕಾಲದ ಹಟ. ಅದಕ್ಕೆಂದೇ ದೊಡ್ಡ ಹಾಳೆಗಳನ್ನು ಮನೆಯಲ್ಲಿ ಬಿಟ್ಟು, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ಹತ್ತಿ ಕಾಗದವನ್ನು ಚಿಕ್ಕದಾಗಿ ಕತ್ತರಿಸಿ ತಂದಿದ್ದೆ. ಹಾಳೆಯ ಹಿಂಬದಿಯನ್ನೂ ತೋಯಿಸಿ ಹಲಗೆಗೆ ಅಂಟಿಸಿದರೆ ತೇವ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಬಣ್ಣ ಕಲಸುವ ನೀರಿಗೆ ಒಂದೆರಡು ಹನಿ ಗ್ಲಿಸರಿನ್ ಸೇರಿಸಿದರೆ ಇನ್ನೂ ಸ್ವಲ್ಪ. ಗ್ಲಿಸರಿನ್ ಕೈತಪ್ಪಿ ಹೆಚ್ಚಾದರೆ ಚಿತ್ರ ಸಂಜೆಯವರೆಗೂ ಅಂಟಂಟಾಗಿ ಉಳಿದು ರಸ್ತೆಯ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ ಎಂಬುದನ್ನೂ ಹೇಳಬೇಕು.

ಗುರುವಾರ, ದೇವರಾಯನದುರ್ಗ

ತುಮಕೂರಿನಿಂದ ಬೆಳಕು ಹರಿಯುವ ಮೊದಲೇ ಹೊರಟು ನಾಮದ ಚಿಲುಮೆಯ ಬಳಿ ಸ್ವಲ್ಪ ಹೊತ್ತು ನಿಂತೆವು. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದಿದ್ದಾಗ ಶ್ರೀರಾಮನು ಬಂಡೆಗೆ ಬಾಣ ಹೊಡೆದು ಚಿಮ್ಮಿಸಿದ ಒರತೆ ಇದೆಂದು ಕಥೆ. ಬಣ್ಣಕ್ಕೆ ಬೇಕಾದ ನೀರನ್ನು ಅಲ್ಲಿಯೇ ತುಂಬಿಕೊಳ್ಳುವ ಆಸೆಯಿತ್ತು. ಜನ ತೀರ್ಥವೆಂದು ತಲೆಗೆ ಚಿಮುಕಿಸಿಕೊಳ್ಳುವ ನೀರಿನಲ್ಲಿ ಕುಂಚ ತೊಳೆಯುವುದು ತರವಲ್ಲವೆಂದು ಬಿಟ್ಟೆ. ಅಲ್ಲಿಂದ ಮುಂದೆ ರಸ್ತೆ ಕಾಡಿನ ನಡುವೆ ಏರುತ್ತದೆ. ಚಿಕ್ಕದೇವರಾಜ ಒಡೆಯರಿಂದ ಹೆಸರು ಪಡೆದ ಈ ದುರ್ಗದಲ್ಲಿ ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ನಮಗೆ ಬೇಕಾದ ಹಕ್ಕಿ ಇವರಿಬ್ಬರ ನಡುವಿನ ಬಂಡೆಗಳಲ್ಲಿ, ಅತ್ತಿ ಜಾತಿಯ ಮರಗಳು ಕಲ್ಲಿನ ಬಿರುಕಿಗೆ ಬೇರಿಳಿಸಿ ನಿಂತ ಕಡೆ ಇರುತ್ತದೆ.

ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಒಣ ಕುರುಚಲಿನ ಬಂಡೆಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಜರ್ಡನ್ ಎಂಬ ಬ್ರಿಟಿಷ್ ವೈದ್ಯ 1845ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಹಿತ್ತಲಿನ ದಾಸವಾಳದ ಗಿಡದಲ್ಲಿ ಗೂಡು ಕಟ್ಟಿ, ಮನೆಯವರನ್ನೇ ಗದರಿಸುವ ಕೆಮ್ಮೀಸೆ ಪಿಕಳಾರದ ದಾಯಾದಿಯಾದರೂ ಇದರ ಸ್ವಭಾವವೇ ಬೇರೆ. ಇದು ಊರಿಗೆ ಇಳಿಯುವುದಿಲ್ಲ. ಮನುಷ್ಯರ ಸದ್ದು ಕೇಳಿದರೆ ಬಂಡೆಯಾಚೆಗೆ ಜಾರಿಕೊಳ್ಳುತ್ತದೆ. ಬಂಡೆಗುಡ್ಡವನ್ನೇ ನೆಚ್ಚಿಕೊಂಡ ಹಕ್ಕಿಗೆ ಕಲ್ಲು ಗಣಿಯಷ್ಟು ದೊಡ್ಡ ಶತ್ರು ಇಲ್ಲ. ಗುಡ್ಡ ಕರಗಿದರೆ ಅದು ಪಕ್ಕದ ತೋಟಕ್ಕೆ ಹೋಗಿ ಬದುಕಿಕೊಳ್ಳುವುದಿಲ್ಲ.

ಬಿಸಿಲು ಬಂಡೆಯನ್ನು ಮುಟ್ಟುವ ಹೊತ್ತಿಗೆ ಜೋಡಿಯೊಂದು ಹಣ್ಣಿನ ಮರಕ್ಕೆ ಬಂದಿತು. ದುರ್ಬೀನಿನಲ್ಲಿ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ತಲೆ ಮತ್ತು ಕೊರಳಿನ ಹಳದಿ. ಮೈ ಬೂದಿ, ರೆಕ್ಕೆಯಲ್ಲಿ ಪಾಚಿ ಹಸಿರಿನ ಛಾಯೆ, ಬಾಲದ ಬುಡದ ಕೆಳಗೆ ಮತ್ತೆ ಹಳದಿ. ಜಲವರ್ಣದವರಿಗೆ ಹಳದಿ ಒಂದು ತೊಡಕಿನ ಬಣ್ಣ. ಬಿಳಿಯ ಕಾಗದದ ಮೇಲೆ ಅದಕ್ಕೆ ಅಷ್ಟಾಗಿ ಎದ್ದು ಕಾಣುವ ಶಕ್ತಿಯಿಲ್ಲ. ಎದ್ದು ಕಾಣಲೆಂದು ದಪ್ಪಗೆ ಬಳಿದರೆ ಹೊಳಪು ಸತ್ತು ಗೋಡೆಯ ಬಣ್ಣವಾಗುತ್ತದೆ. ಹಳದಿಯನ್ನು ಹಳದಿಯಿಂದ ಬೆಳಗಿಸಲು ಆಗುವುದಿಲ್ಲ, ಅದರ ಹಿಂದಿನ ಬಂಡೆಯನ್ನು ಕತ್ತಲಾಗಿಸಿ ಬೆಳಗಿಸಬೇಕು. ನಾನು ಲೆಮನ್ ಯೆಲ್ಲೋವನ್ನು ತೆಳುವಾಗಿ ಮೊದಲು ಹಾಕಿ, ಅದು ಪೂರ್ತಿ ಒಣಗಿದ ಮೇಲೆಯೇ ಮೈಯ ಬೂದಿಗೆ ಕೈಹಾಕಿದೆ; ಕ್ರಮ ತಿರುಗಿಸಿ ಬೂದಿಯ ಮೇಲೆ ಹಳದಿ ಎಳೆದರೆ ತಲೆ ಕೊಳೆತ ಎಲೆಯ ಹಸಿರಾಗುತ್ತದೆ. ಬೂದಿಯನ್ನು ಟ್ಯೂಬಿನಿಂದ ತೆಗೆಯದೆ ಅಲ್ಟ್ರಾಮೆರಿನ್ ಎಂಬ ನೀಲಿ ಮತ್ತು ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬೆರೆಸಿ ಮಾಡಿಕೊಂಡೆ.

ಅವೆರಡೇ ಬಣ್ಣ ಬಂಡೆಗೂ ಸಾಕಾದವು. ಅಲ್ಟ್ರಾಮೆರಿನ್ನಿನ ಕಣಗಳು ನೀರಿನಲ್ಲಿ ತೇಲಿ ಕಾಗದದ ಒರಟು ಗುಳಿಗಳಲ್ಲಿ ಹೋಗಿ ಕೂರುತ್ತವೆ. ಸಿಯೆನಾ ಅದರ ಸುತ್ತ ಕಂದಾಗಿ ಹರಡುತ್ತದೆ. ಒಣಗಿದಾಗ ನಮ್ಮ ಕಡೆಯ ಬಂಡೆಯ ಮೈಮೇಲಿನ ಚುಕ್ಕೆ, ಮಚ್ಚೆಗಳು ಕುಂಚದ ಕೆಲಸವಿಲ್ಲದೆ ತಾವಾಗಿಯೇ ಮೂಡಿರುತ್ತವೆ. ಅಷ್ಟರಲ್ಲಿ ಹಕ್ಕಿ ಹೋಗಿತ್ತು. ಹಕ್ಕಿ ಹೋಗುವುದು ಈ ಕೆಲಸದಲ್ಲಿ ಅಡ್ಡಿಯಲ್ಲ, ಷರತ್ತು. ಇದ್ದಷ್ಟು ಹೊತ್ತು ಪೆನ್ಸಿಲ್ಲಿನಲ್ಲಿ ನಿಲುವನ್ನು ಮಾತ್ರ ಹಿಡಿಯುತ್ತೇನೆ: ಬೆನ್ನಿನ ಗೆರೆ ಬಾಲಕ್ಕೆ ಯಾವ ಕೋನದಲ್ಲಿ ಸೇರಿತು, ಕೊಕ್ಕಿನ ನೇರಕ್ಕೆ ಕಣ್ಣು ಎಲ್ಲಿದೆ, ಕಾಲು ಹೊಟ್ಟೆಯ ಯಾವ ಜಾಗದಿಂದ ಹೊರಟಿತು. ಬಣ್ಣವನ್ನು ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ. ಗರಿಗಳನ್ನು ಎಣಿಸುವ ಚಪಲ ನನಗಿಲ್ಲ. ನಿಲುವು ಸರಿಯಿದ್ದರೆ ನಾಲ್ಕು ಗರಿ ಸಾಕು, ನಿಲುವು ತಪ್ಪಿದರೆ ನಾನೂರು ಗರಿ ಬರೆದರೂ ಅದು ಹತ್ತಿ ತುಂಬಿದ ಹಕ್ಕಿಯೇ.

ಹನ್ನೊಂದರ ಮೇಲೆ ಬಂಡೆಯ ಮೇಲೆ ಕೂರುವಂತಿರಲಿಲ್ಲ. ಇಳಿದು ಬಂದು ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಹೋದದ್ದು ಸುತ್ತುದಾರಿ ಎಂದು ಶಿಷ್ಯ ಗೊಣಗಿದರೂ ತಿಂದದ್ದು ಅವನೇ ಹೆಚ್ಚು.

ಶುಕ್ರವಾರ, ತೀತಾ ಜಲಾಶಯ

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯಲ್ಲಿ ಮಹಾಲಕ್ಷ್ಮಿಯ ದರ್ಶನಕ್ಕೆ ಶುಕ್ರವಾರ ನೆರೆಯುವ ಜನಸಂದಣಿಯನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವೆಂದಲ್ಲ. ದಾರಿ ಅದೇ ಆದ್ದರಿಂದ ಬೇರೆ ಉಪಾಯವಿರಲಿಲ್ಲ. ಹತ್ತಿರದ ತೀತಾ ಜಲಾಶಯದ ಏರಿಯ ಮೇಲೆ ಮಾತ್ರ ನೆಮ್ಮದಿಯಿತ್ತು. ಜಯಮಂಗಲಿಯ ನೀರನ್ನು ನೀರಾಗಿಯೇ ನೋಡಿದ್ದು ಅಲ್ಲಿ ಮಾತ್ರ.

ನೀರಿನಿಂದ ಎದ್ದು ನಿಂತ ಒಣಮರದ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿಕೊಂಡು ಕುಳಿತಿದ್ದವು. ಮುಳುಗಿ ಮೀನು ಹಿಡಿಯುವ ಹಕ್ಕಿಯಾದರೂ ಅದರ ಗರಿ ಬಾತುಕೋಳಿಯದರಂತೆ ನೀರನ್ನು ಪೂರ್ತಿ ತಡೆಯುವುದಿಲ್ಲ. ಆದ್ದರಿಂದ ಮುಳುಗಿದ ಮೇಲೆ ಒಣಗಿಸಿಕೊಳ್ಳಲೇಬೇಕು. ಚಿತ್ರಕಾರನಿಗೆ ಇದಕ್ಕಿಂತ ಉಪಕಾರಿ ಹಕ್ಕಿ ಇಲ್ಲ, ಅಷ್ಟು ಹೊತ್ತು ಅಲುಗದೆ ಕೂರುತ್ತದೆ. ದೂರಕ್ಕೆ ಅಪ್ಪಟ ಕಪ್ಪು ಎನಿಸುವ ಮೈಯಲ್ಲಿ ಬಿಸಿಲು ಬಿದ್ದ ಕಡೆ ಹಸಿರು ಮತ್ತು ಕಂಚಿನ ಮಿಂಚಿರುತ್ತದೆ. ಕಪ್ಪು ಟ್ಯೂಬನ್ನು ಪೆಟ್ಟಿಗೆಯಲ್ಲಿಯೇ ಇಡಬಾರದು ಎಂಬ ಕಟ್ಟುನಿಟ್ಟಿನ ಪಕ್ಷದವನು ನಾನು. ಅಲ್ಟ್ರಾಮೆರಿನ್ನಿಗೆ ಬರ್ನ್ಟ್ ಅಂಬರ್ ಎಂಬ ಕಡುಗಂದು ಸೇರಿಸಿ, ಒದ್ದೆಯಿರುವಾಗಲೇ ಬೆನ್ನಿನ ಮೇಲೆ ಒಂದಿಷ್ಟು ಹಸಿರು ಇಳಿಬಿಟ್ಟೆ. ಒಂದೇ ಕೂರುವಿಕೆಯಲ್ಲಿ ಮುಗಿದ ಚಿತ್ರ ಅದೊಂದೇ. ರಾತ್ರಿ ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ ತಂಗಿದೆವು. ಅಷ್ಟು ದೊಡ್ಡ ಬಂಡೆಯನ್ನು ಬರೆಯುವ ಆಸೆಯಾದರೂ ಅದು ಈ ಪ್ರವಾಸದ ವಿಷಯವಲ್ಲ.

ಶನಿವಾರ, ಮೈದೇನಹಳ್ಳಿ

ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಹುಲ್ಲುಗಾವಲಿಗೆ ಹೊಳೆಯ ಹೆಸರೇ ಇಟ್ಟಿದ್ದಾರೆ: ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು. ಸುಮಾರು 798 ಎಕರೆಯ ಈ ಬಯಲನ್ನು 2007ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಸುತ್ತ ಕಡಲೇಕಾಯಿ, ರಾಗಿಯ ಹೊಲಗಳು, ಆಚೆಗೆ ಆಂಧ್ರ. ಊರಿನವರ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವುದುಂಟು. ಹುಲ್ಲುಗಾವಲನ್ನು ಬಂಜರು ಎಂದು ಕರೆದು ಗಿಡ ನೆಟ್ಟು ಉದ್ಧಾರ ಮಾಡಲು ಹೊರಡುವ ಉತ್ಸಾಹ ನಮ್ಮಲ್ಲಿ ಬಹಳ ಹಳೆಯದು. ಕೃಷ್ಣಮೃಗಕ್ಕೆ ಬೇಕಾದದ್ದು ಮರವಲ್ಲ. ದೂರದಿಂದ ಬರುವ ಅಪಾಯ ಕಣ್ಣಿಗೆ ಕಾಣುವಂಥ, ಕಂಡೊಡನೆ ಓಡಲು ಬರುವಂಥ ಬಯಲು.

ಬೆಳಕು ಇನ್ನೂ ಓರೆಯಾಗಿರುವಾಗಲೇ ಹಿಂಡು ಕಂಡಿತು. ಹೆಣ್ಣುಗಳೂ ಮರಿಗಳೂ ಒಣಹುಲ್ಲಿನ ಬಣ್ಣದವು, ಕೊಂಬಿಲ್ಲ. ಗಂಡು ಬೆಳೆದಂತೆ ಬೆನ್ನು ಕಂದಿನಿಂದ ಕಪ್ಪಿಗೆ ತಿರುಗುತ್ತದೆ. ಹೊಟ್ಟೆ, ಗದ್ದ, ಕಣ್ಣಿನ ಸುತ್ತಿನ ಬಳೆ ಮಾತ್ರ ಬಿಳಿಯಾಗಿಯೇ ಉಳಿಯುತ್ತವೆ. ಹಿಂಡಿನ ಬದಿಯಲ್ಲಿ ಹಿರಿಯ ಗಂಡೊಂದು ಮೂತಿ ಮೇಲೆತ್ತಿ, ಕೊಂಬನ್ನು ಬೆನ್ನಿಗೆ ಒರಗಿಸಿ, ಬಾಲ ಸುರುಳಿ ಮಾಡಿಕೊಂಡು ನಡೆಯುತ್ತಿತ್ತು. ಪಕ್ಕದಲ್ಲಿ ಕಪ್ಪಾಗಲು ಹೊರಟು ಅರ್ಧಕ್ಕೆ ನಿಂತಂಥ ಎಳೆಯ ಗಂಡುಗಳಿದ್ದವು. ಬರೆಯುವವನಿಗೆ ಅವೇ ಹೆಚ್ಚು ಇಷ್ಟವಾಗುತ್ತವೆ, ಏಕೆಂದರೆ ಕಂದು ಎಲ್ಲಿ ಮುಗಿದು ಕಪ್ಪು ಎಲ್ಲಿ ಶುರುವಾಯಿತೆಂದು ಹೇಳಲಾಗದ ಆ ಬೆನ್ನನ್ನು ಒದ್ದೆ ಬಣ್ಣವೇ ಚೆನ್ನಾಗಿ ಹೇಳಬಲ್ಲದು.

ಮೇಯುವ ಪ್ರಾಣಿಯನ್ನು ಬರೆಯಲು ಒಂದು ಹಾಳೆಯಲ್ಲಿ ಒಂದು ಚಿತ್ರ ಎಂಬ ನಿಯಮ ಹೊಂದುವುದಿಲ್ಲ. ಕೃಷ್ಣಮೃಗ ಸ್ವಲ್ಪ ಮೇದು ತಲೆಯೆತ್ತಿ ಸುತ್ತ ನೋಡುತ್ತದೆ, ಮತ್ತೆ ಬಗ್ಗುತ್ತದೆ, ತಿರುಗುತ್ತದೆ. ನಾನು ಒಂದೇ ಹಾಳೆಯಲ್ಲಿ ನಾಲ್ಕಾರು ನಿಲುವುಗಳನ್ನು ಅರ್ಧರ್ಧ ಆರಂಭಿಸಿ ಬಿಡುತ್ತೇನೆ; ಪ್ರಾಣಿ ತಲೆ ತಗ್ಗಿಸಿದಾಗ ತಗ್ಗಿಸಿದ ಚಿತ್ರಕ್ಕೆ, ಎತ್ತಿದಾಗ ಎತ್ತಿದ ಚಿತ್ರಕ್ಕೆ ಪೆನ್ಸಿಲ್ ಹೋಗುತ್ತದೆ. ಎಲ್ಲ ಪ್ರಾಣಿಗಳೂ ಬಿಟ್ಟ ನಿಲುವಿಗೆ ಮತ್ತೆ ಮರಳುತ್ತವೆ ಎಂಬ ನಂಬಿಕೆಯ ಮೇಲೆಯೇ ಈ ಕೆಲಸ ನಡೆಯುವುದು. ಕೊಂಬು ಮಾತ್ರ ಬೇರೆ ಹಾಳೆಯನ್ನೇ ಬೇಡಿತು. ಎರಡು ಕೊಂಬುಗಳು ತಲೆಯಿಂದ ಕವಲೊಡೆದು, ಉಂಗುರ ಉಂಗುರವಾಗಿ ಮೂರು ನಾಲ್ಕು ಸುತ್ತು ತಿರುಗುತ್ತಾ ಹೋಗುತ್ತವೆ. ಉಂಗುರಗಳನ್ನು ಸಮಾನಾಂತರ ಗೆರೆಗಳಾಗಿ ಎಳೆದರೆ ಕೊಂಬು ಸ್ಪ್ರಿಂಗಾಗುತ್ತದೆ. ಬೆಳಕಿನ ಬದಿಯಲ್ಲಿ ಉಂಗುರ ಕಾಣಬೇಕು, ನೆರಳಿನ ಬದಿಯಲ್ಲಿ ಅಳಿಸಿಹೋಗಬೇಕು.

"ಸಾರ್, ಫೋಟೊ ತಗೊಂಡು ಮನೇಲಿ ಆರಾಮಾಗಿ ಕೂತು ಬರೀಬಹುದಲ್ವಾ?" ಎಂದು ಶಿಷ್ಯ ಕೇಳಿದ. ದೂರದ ಲೆನ್ಸಿನ ಕ್ಯಾಮೆರಾ ಅವನ ಹೆಗಲಿನಲ್ಲಿಯೇ ಇತ್ತು.

"ನಿನ್ನ ಫೋಟೊದಲ್ಲಿ ಹೊಟ್ಟೆ ಯಾವ ಬಣ್ಣ ಇದೆ ನೋಡಪ್ಪಾ" ಎಂದೆ.

ಅವನು ಪರದೆಯನ್ನು ಹಿಗ್ಗಿಸಿ ನೋಡಿ, "ಬಿಳಿ" ಎಂದ. ಹತ್ತು ಗಂಟೆಯ ಬಿಸಿಲಿನಲ್ಲಿ ಹೊಟ್ಟೆಯ ಕೆಳಭಾಗ ಬಿಳಿಯಾಗಿರಲಿಲ್ಲ. ಬಿಸಿಲು ಕೆಮ್ಮಣ್ಣಿಗೂ ಒಣಹುಲ್ಲಿಗೂ ಬಿದ್ದು, ಅಲ್ಲಿಂದ ಮೇಲಕ್ಕೆ ಚಿಮ್ಮಿ, ನೆರಳಿನಲ್ಲಿರುವ ಹೊಟ್ಟೆಗೆ ಬೆಚ್ಚನೆಯ ಕಾವಿ ಬಣ್ಣ ಹಚ್ಚಿತ್ತು. ಅಪ್ಪಟ ಬಿಳಿ ಉಳಿದದ್ದು ಬಿಸಿಲು ನೇರವಾಗಿ ತಾಕುವ ತೊಡೆಯ ಹಿಂಬದಿಯಲ್ಲಿ ಮಾತ್ರ. ಕ್ಯಾಮೆರಾ ಈ ಎರಡನ್ನೂ ಒಂದೇ ಬಿಳಿಯೆಂದು ತೀರ್ಮಾನಿಸಿಬಿಟ್ಟಿತ್ತು. ಜಲವರ್ಣದಲ್ಲಿ ಬಿಳಿ ಎಂಬ ಬಣ್ಣವೇ ಇಲ್ಲ, ಬಿಟ್ಟ ಕಾಗದವೇ ಬಿಳಿ. ಆದ್ದರಿಂದ ಕುಂಚವನ್ನು ನೀರಿಗೆ ಅದ್ದುವ ಮೊದಲೇ ಯಾವ ಬಿಳಿ ನಿಜವಾದದ್ದು, ಯಾವುದು ಹೆಸರಿಗಷ್ಟೇ ಎಂದು ನೋಡಿ ತೀರ್ಮಾನಿಸಬೇಕಾಗುತ್ತದೆ. ಹೊಟ್ಟೆಗೆ ಯೆಲ್ಲೋ ಓಕರ್ ಎಂಬ ಮಣ್ಣುಹಳದಿಯ ನೀರಿನಂಥ ತೆಳು ಲೇಪ ಕೊಟ್ಟೊಡನೆ ಪ್ರಾಣಿ ನೆಲದ ಮೇಲೆ ನಿಂತಿತು. ಅದಕ್ಕೂ ಮೊದಲು ಹಾಳೆಯ ಮೇಲೆ ಅಂಟಿಸಿದಂತೆ ಇತ್ತು.

ಜೀವಂತ ಪ್ರಾಣಿಯನ್ನು ಎದುರಿಗಿಟ್ಟುಕೊಂಡು ಬರೆಯುವ ಪರಂಪರೆ ನಮ್ಮಲ್ಲಿ ಗಟ್ಟಿಯಾಗಿಯೇ ಇದೆ. 17ನೆಯ ಶತಮಾನದ ಆರಂಭದಲ್ಲಿ ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಸೈಬೀರಿಯದ ಕ್ರೌಂಚವನ್ನು ಬರೆದ, ಆ ಕಾಲದ ಡೋಡೊ ಹಕ್ಕಿಯ ಚಿತ್ರವೂ ಅವನದೇ ಎನ್ನುತ್ತಾರೆ. 1777ರ ಹೊತ್ತಿಗೆ ಕಲ್ಕತ್ತೆಯಲ್ಲಿ ಬ್ರಿಟಿಷ್ ನ್ಯಾಯಾಧೀಶನ ಪತ್ನಿ ಮೇರಿ ಇಂಪೆ ಎಂಬವರು ತಮ್ಮ ತೋಟದಲ್ಲಿ ಸಾಕಿದ ಹಕ್ಕಿ, ಪ್ರಾಣಿಗಳನ್ನು ಪಟ್ನಾ ಮೂಲದ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಎಂಬ ಕಲಾವಿದರಿಂದ ಬರೆಸತೊಡಗಿದರು. ಅವು ಮುನ್ನೂರನ್ನು ಮೀರಿದವು. ಅವರ ಕಾಗದ ಇಂಗ್ಲೆಂಡಿನದು, ಕೈ ಮೊಗಲರ ಶೈಲಿಯಲ್ಲಿ ಪಳಗಿದ್ದು. ಅಮೆರಿಕದ ಪಕ್ಷಿಚಿತ್ರಕಾರ ಆಡುಬಾನ್ ಹಕ್ಕಿಗಳನ್ನು ಗುಂಡಿಕ್ಕಿ, ತಂತಿ ಕಟ್ಟಿ ನಿಲ್ಲಿಸಿಕೊಂಡು ಬರೆದದ್ದು ಇದಾದ ಮೇಲೆ. ಅವನ ಚಿತ್ರಗಳ ಬಿರುಸು ದೊಡ್ಡದು, ಒಪ್ಪುತ್ತೇನೆ; ನನ್ನ ಮನಸ್ಸು ಜೈನುದ್ದೀನನ ಕಡೆಗೇ ವಾಲುತ್ತದೆ. ಅವನ ಹಕ್ಕಿಯ ಹಿಂದೆ ಏನೂ ಇಲ್ಲದ ಖಾಲಿ ಕಾಗದ ಹೊಳೆಯುವಾಗ ನಮ್ಮ ಬಯಲಿನ ಮಧ್ಯಾಹ್ನದ ಬೆಳಕೇ ನೆನಪಾಗುತ್ತದೆ.

ಕಾವಲು ಗೋಪುರದ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ತಂತಿಯ ಮೇಲೆ ನೀಲಕಂಠವೊಂದು ಕೂತಿತ್ತು. ಗಡಿಯಾಚೆಯ ಆಂಧ್ರಕ್ಕೆ ಕೃಷ್ಣಮೃಗ ರಾಜ್ಯಪ್ರಾಣಿ, ಈಚೆಯ ನಮಗೆ ನೀಲಕಂಠ ರಾಜ್ಯಪಕ್ಷಿ. ಎರಡಕ್ಕೂ ಗಡಿಯ ಗೊಡವೆಯಿಲ್ಲ. ಕೂತಾಗ ಮಣ್ಣುಬಣ್ಣದ ಹಕ್ಕಿ, ರೆಕ್ಕೆ ಬಿಚ್ಚಿದೊಡನೆ ಬೇರೆಯೇ ಆಗುತ್ತದೆ. ಆ ನೀಲಿ ಗರಿಯಲ್ಲಿ ನೀಲಿ ವರ್ಣದ್ರವ್ಯವಿಲ್ಲ. ಗರಿಯ ಒಳರಚನೆ ಬೆಳಕನ್ನು ಚದುರಿಸುವ ಬಗೆಯಿಂದ ಹುಟ್ಟುವ ಬಣ್ಣ ಅದು. ಹಾಗಾಗಿ ಯಾವ ಕಂಪನಿಯ ಯಾವ ಟ್ಯೂಬೂ ಅದನ್ನು ಮುಟ್ಟುವುದಿಲ್ಲವೆಂದು ಕೋಬಾಲ್ಟ್ ಬ್ಲೂವಿನಲ್ಲಿಯೇ ಸಮಾಧಾನಪಟ್ಟುಕೊಂಡೆ.

ಭಾನುವಾರ, ಕಗ್ಗಲಡು

ಶಿರಾದ ಸಮೀಪದ ಕಗ್ಗಲಡುವಿನಲ್ಲಿ ಪಕ್ಷಿಧಾಮವೆಂದರೆ ಬೇಲಿ, ದೋಣಿ, ದ್ವೀಪ ಯಾವುದೂ ಅಲ್ಲ. ಊರಿನ ಹುಣಸೆ ಮರಗಳೇ ಪಕ್ಷಿಧಾಮ. ಮನೆಯ ಮಾಡಿನ ಮೇಲೆ, ಹಸು ಕಟ್ಟುವ ಜಾಗದ ಮೇಲೆ, ಮಕ್ಕಳು ಆಡುವ ಬಯಲಿನ ಮೇಲೆ ಬಾಗಿದ ಕೊಂಬೆಗಳಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. ದಕ್ಷಿಣ ಭಾರತದಲ್ಲಿ ಬಣ್ಣದ ಕೊಕ್ಕರೆಗಳ ತಾಣವೆಂದರೆ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ನಂತರ ಈ ಊರಿನ ಹೆಸರನ್ನು ಹೇಳುವ ರೂಢಿಯಿದೆ. ವರ್ಷದ ಆರಂಭದಲ್ಲಿ ಬಂದು, ಮೊಟ್ಟೆಯಿಟ್ಟು, ಮರಿ ಮಾಡಿ, ಮಳೆಗಾಲ ಬಲಿಯುವ ಹೊತ್ತಿಗೆ ಅವು ಮರಳುತ್ತವೆ.

ಹುಣಸೆ ತುಮಕೂರು ಸೀಮೆಯ ದುಡ್ಡಿನ ಬೆಳೆ, ಹಣ್ಣು ಬಡಿಯುವ ಕಾಲ ಇದೇ. ಮನೆಯ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಜ್ಜಿಯನ್ನು ಶಿಷ್ಯ ಮಾತಿಗೆಳೆದ. "ಈ ಮರದ್ದೇನಮ್ಮಾ?" ಎಂದರೆ, ಆಕೆ ತಲೆಯಾಡಿಸಿದರು. "ಇದು ಆಚೆ ಹೊಲದ್ದು ಕಣಪ್ಪಾ. ಈ ಮರಕ್ಕೆ ಯಾರ್ ಕೋಲ್ ಹಾಕ್ತಾರೆ, ಬಾಣಂತಿ ಮನೇಲಿ ಗಲಾಟೆ ಮಾಡ್ದಂಗಲ್ವಾ?" ಎಂದು ಮೇಲೆ ನೋಡಿ, ಸೆರಗಿನ ಮೇಲೆ ಬಿದ್ದ ಹಿಕ್ಕೆಯನ್ನು ಒರೆಸಿಕೊಂಡರು. ಮೀನಿನ ವಾಸನೆ, ಹಿಕ್ಕೆಯ ವಾಸನೆ, ಹುಣಸೆಯ ಹುಳಿ ವಾಸನೆ ಮೂರೂ ಸೇರಿದ ಗಾಳಿಯಲ್ಲಿ ನನಗೊಂದು ಕುರ್ಚಿ ತರಿಸಿಕೊಟ್ಟರು.

ಬಣ್ಣದ ಕೊಕ್ಕರೆಯನ್ನು ಬರೆಯುವುದೆಂದರೆ ಬಹುಪಾಲು ಬರೆಯದೆ ಬಿಡುವುದು. ಬಿಳಿ ಮೈ, ಎದೆಗೆ ಅಡ್ಡಲಾಗಿ ಬಿಳಿ ಅಂಚಿನ ಕಪ್ಪು ಪಟ್ಟೆ, ರೆಕ್ಕೆ ಕಪ್ಪು, ಅದರಲ್ಲಿ ಬಿಳಿ ಗೀರುಗಳು, ಬೆನ್ನಿನ ತುದಿಯಲ್ಲಿ ಬಾಲವನ್ನು ಮುಚ್ಚುವಂತೆ ಇಳಿಬಿದ್ದ ಗುಲಾಬಿ ಗರಿಗಳು, ಗರಿಯಿಲ್ಲದ ಕಿತ್ತಳೆ ಮುಖ, ತುದಿಯಲ್ಲಿ ತುಸು ಬಾಗಿದ ಹಳದಿ ಕೊಕ್ಕು. ಕಪ್ಪು ಪಟ್ಟೆಯ ಬಿಳಿ ಅಂಚುಗಳನ್ನು ಕಾಯಲು ಹಲವರು ಮಾಸ್ಕಿಂಗ್ ಫ್ಲೂಯಿಡ್ ಹಚ್ಚುತ್ತಾರೆ. ರಬ್ಬರಿನ ಹಾಲಿನಿಂದ ಮಾಡಿದ ಆ ದ್ರವವನ್ನು ಬಿಸಿಲಿನಲ್ಲಿ ಕಾದ ಹಾಳೆಯ ಮೇಲೆ ಬಿಟ್ಟರೆ ಕಾಗದಕ್ಕೆ ಕಚ್ಚಿಕೊಂಡು, ತೆಗೆಯುವಾಗ ಮೇಲ್ಪದರವನ್ನೇ ಕಿತ್ತು ತರುತ್ತದೆ. ಶಿರಾದ ಬಿಸಿಲಿಗೆ ಅದು ಹೇಳಿಸಿದ ಸಾಮಗ್ರಿಯಲ್ಲ. ಮೊನೆ ಚೂಪಾದ ಕುಂಚದಲ್ಲಿ ಕಪ್ಪನ್ನೇ ಬಿಳಿಯ ಸುತ್ತ ಬಳಸಿ ಒಯ್ಯುವುದು ನಿಧಾನವಾದರೂ ನಂಬಿಕಸ್ಥ ದಾರಿ.

ಗುಲಾಬಿ ಗರಿಗೆ ಅಲಿಝರಿನ್ ಕ್ರಿಮ್ಸನ್ ಎಂಬ ಕಡುಗೆಂಪನ್ನು ಬಳಸುವವರಿದ್ದಾರೆ. ಬೆಳಕಿಗೆ ಕಂದುವ ಬಣ್ಣವದು, ಗೋಡೆಗೆ ತೂಗುಹಾಕಿದ ಮೇಲೆ ವರ್ಷಗಳುರುಳಿದಂತೆ ಹಕ್ಕಿ ತನ್ನ ಗುಲಾಬಿಯನ್ನು ಕಳೆದುಕೊಳ್ಳುತ್ತದೆ. ಕ್ವಿನಾಕ್ರಿಡೋನ್ ರೋಸ್ ಎಂಬ ಗುಲಾಬಿ ಹಾಗೆ ಬೇಗ ಮಾಸುವುದಿಲ್ಲ. ಅದನ್ನು ಬಹಳ ನೀರಾಗಿಸಿ, ಒಣ ಕಾಗದದ ಮೇಲೆ ಒಂದೇ ಎಳೆತಕ್ಕೆ ಹಾಕಿ ಕೈ ತೆಗೆಯಬೇಕು. ಜಲವರ್ಣ ಒಣಗಿದಾಗ ತೆಳುವಾಗುತ್ತದೆಂದು ಎರಡನೆಯ ಸಲ ಕುಂಚ ಆಡಿಸಿದರೆ ಗರಿಯ ಹಗುರ ಹೋಗುತ್ತದೆ. ಬಿಳಿ ಮೈಯ ನೆರಳಿನಲ್ಲಿಯೂ ಎರಡು ಬಗೆಯಿತ್ತು: ಆಕಾಶಕ್ಕೆ ಮುಖಮಾಡಿದ ನೆರಳು ನೀಲಿಗೆ ವಾಲುತ್ತಿತ್ತು, ಎಲೆಗಳ ಕಡೆಯ ನೆರಳು ಹಸಿರು ಹಳದಿಗೆ. ಹಿಂದಿನ ದಿನ ನೆಲದಿಂದ ಕಾವಿ ಏರಿದ್ದ ಹಾಗೆ ಇಲ್ಲಿ ಮರವೇ ತನ್ನ ಬಣ್ಣವನ್ನು ಹಕ್ಕಿಗೆ ಹಚ್ಚುತ್ತಿತ್ತು.

ದೊಡ್ಡ ಹಕ್ಕಿಗಳಿಗೆ ಹೆಚ್ಚು ಸ್ವರವಿಲ್ಲ. ಜೋಡಿಯಲ್ಲಿ ಒಂದು ಕಡ್ಡಿ ಕಚ್ಚಿಕೊಂಡು ಬಂದಿಳಿದಾಗ ಎರಡೂ ಕೊಕ್ಕು ಬಡಿದುಕೊಳ್ಳುವುದು ಬಿದಿರಿನ ತಡಿಕೆಗೆ ಕೋಲು ಎಳೆದಂತೆ ಕೇಳುತ್ತದೆ, ಗದ್ದಲವೆಲ್ಲ ಮರಿಗಳದು. ಆಗಲೇ ಮೊಟ್ಟೆ ಒಡೆದ ಗೂಡುಗಳಲ್ಲಿ ಬೂದುಬಿಳಿ ತುಪ್ಪಳದ ಮರಿಗಳು ಕತ್ತು ಚಾಚಿ ಅರಚುತ್ತಿದ್ದವು. ಬಿಸಿಲು ನೆತ್ತಿಗೇರಿದ ಮೇಲೆ ಕಂಡ ನೋಟವನ್ನು ಯಾವ ಫೋಟೊದಲ್ಲಿಯೂ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ತಾಯಿಯೋ ತಂದೆಯೋ, ಗೊತ್ತಾಗುವುದಿಲ್ಲ, ಗೂಡಿನ ಅಂಚಿನಲ್ಲಿ ಸೂರ್ಯನಿಗೆ ಬೆನ್ನುಹಾಕಿ ನಿಂತು, ರೆಕ್ಕೆಗಳನ್ನು ಅರ್ಧ ಬಿಚ್ಚಿ ಕೆಳಕ್ಕೆ ಬಾಗಿಸಿ, ಮರಿಗಳ ಮೇಲೆ ನೆರಳು ಹಾಯಿಸಿತು. ಬಿಸಿಲು ಸರಿದಂತೆ ಅದೂ ತುಸುತುಸುವೇ ತಿರುಗುತ್ತಿತ್ತು. ಆ ರೆಕ್ಕೆಯ ಒಳಗಿನಿಂದ ತೂರಿಬರುವ ಬೆಳಕಿನಲ್ಲಿ ಮರಿಗಳ ಮೈ ಬೆಳ್ಳಗಿರಲಿಲ್ಲ, ತಿಳಿ ಜೇನಿನ ಬಣ್ಣಕ್ಕಿತ್ತು. ಅದನ್ನು ಹಾಳೆಗೆ ತರಲು ಹಿಂಬದಿ ತೋಯಿಸಿದ ಕಾಗದ ನಿಜಕ್ಕೂ ನೆರವಿಗೆ ಬಂತು; ಮರಿಯ ಮೈಯಿಂದ ರೆಕ್ಕೆಯ ನೆರಳಿಗೆ ಗೆರೆಯಿಲ್ಲದೆ ಬಣ್ಣ ಇಳಿಯುವಷ್ಟು ಹೊತ್ತು ತೇವ ನಿಂತಿತು.

ಹಿಂದೆ ನಿಂತು ನೋಡುತ್ತಿದ್ದ ಮಕ್ಕಳಲ್ಲಿ ಒಬ್ಬ ಹುಡುಗ ನಾನು ಕಾಲಿಗೆ ಗುಲಾಬಿ ಕಲಸುವುದನ್ನು ಕಂಡು, "ಕಾಲು ಬೆಳ್ಳಗವೆ ಸಾರ್" ಎಂದ. ಪುಸ್ತಕದಲ್ಲಿ ಬಣ್ಣದ ಕೊಕ್ಕರೆಯ ಕಾಲು ಗುಲಾಬಿ ಎಂದೇ ಇರುತ್ತದೆ, ಅದು ಸರಿಯೇ. ದುರ್ಬೀನಿನಲ್ಲಿ ನೋಡಿದರೆ ಮೇಲಿದ್ದ ಹಕ್ಕಿಗಳಲ್ಲಿ ಹೆಚ್ಚಿನವುಗಳ ಕಾಲು ಸುಣ್ಣ ಬಳಿದಂತಿತ್ತು. ಶಿಷ್ಯ ಹುಡುಗನನ್ನು ಹತ್ತಿರ ಕರೆದು, ಪಾಠ ಹೇಳುವ ದನಿಯಲ್ಲಿ, ಸೆಕೆ ಹೆಚ್ಚಾದಾಗ ಕೊಕ್ಕರೆಗಳು ತಮ್ಮ ಕಾಲಿನ ಮೇಲೆಯೇ ತೆಳು ಹಿಕ್ಕೆ ಹಾಕಿಕೊಳ್ಳುತ್ತವೆಂದೂ, ಅದರ ನೀರು ಆರುವಾಗ ಕಾಲಿನಲ್ಲಿ ಹರಿಯುವ ರಕ್ತ ತಣ್ಣಗಾಗಿ ಮೈಯ ಕಾವು ಇಳಿಯುತ್ತದೆಂದೂ ವಿವರಿಸಿದ. ನಾವು ಬೆವರುವ ಹಾಗೆಯೇ ಇದು ಎಂದ. ಹುಡುಗನಿಗೆ ಕಾರಣಕ್ಕಿಂತ ವಿಷಯ ತಮಾಷೆಯೆನಿಸಿ ಗೆಳೆಯರೊಡನೆ ನಕ್ಕುಬಿಟ್ಟ. ನಾನು ಕಲಸಿದ್ದ ಗುಲಾಬಿಯನ್ನು ಮೊಣಕಾಲಿನ ಗಂಟಿಗೆ ಮಾತ್ರ ಹಾಕಿ, ಉಳಿದ ಕಾಲನ್ನು ಬರಿಯ ಕಾಗದವಾಗಿಯೇ ಬಿಟ್ಟೆ. ಅದರ ಅಂಚನ್ನು ಹಿಂದಿನ ಎಲೆಗಳ ಕಡು ಹಸಿರು ಕತ್ತರಿಸಿ ತೋರಿಸಿತು.

ಗೂಡಿನ ಕೆಳಗೆ ಕೂರುವವರಿಗೆ ಒಂದೆರಡು ಮಾತು ಹೇಳಬೇಕು. ಹತ್ತಿರ ಹೋಗಬೇಕೆಂದು ಮರ ಹತ್ತುವುದು, ಎದುರು ಮನೆಯ ಮಾಡು ಏರುವುದು ಸಲ್ಲದು. ಹಕ್ಕಿ ಗಾಬರಿಯಿಂದ ಎದ್ದರೆ ಮೊಟ್ಟೆಯೋ ಮರಿಯೋ ಬಿಸಿಲಿಗೆ ಬೀಳುತ್ತದೆ. ಕಾಗೆಯೂ ಹದ್ದೂ ಅದಕ್ಕೇ ಕಾದಿರುತ್ತವೆ. ಈ ಊರಿನ ಹಕ್ಕಿಗಳು ಊರಿನವರನ್ನು ಕಂಡು ಎದ್ದುಹೋಗುವುದಿಲ್ಲ. ಕುರ್ಚಿ ಹಾಕಿಕೊಟ್ಟ ಜಾಗದಲ್ಲಿ, ಮನೆಯವರು ನಡೆದಾಡುವ ದೂರದಲ್ಲಿ ಕೂತರೆ ನಮ್ಮನ್ನೂ ಅವು ಊರಿನವರ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತವೆ. ಟೋಪಿ ಮಾತ್ರ ಅಗತ್ಯ, ಕಾರಣ ಹೇಳಬೇಕಾಗಿಲ್ಲ.

ಸೋಮವಾರ, ತುಮಕೂರು

ಬೆಳಿಗ್ಗೆ ಬಸ್ಸಿನಲ್ಲಿ ಹಿಂದಿರುಗಿ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ಪಿಕಳಾರದ ಹಿಂದಿನ ಬಂಡೆಗೆ ಇನ್ನೊಂದು ಪದರ ಬೇಕಿತ್ತು, ಹಾಕಿದೆ. ಕೃಷ್ಣಮೃಗದ ಅರ್ಧರ್ಧ ನಿಲುವುಗಳ ಹಾಳೆಯನ್ನು ಮುಟ್ಟಲಿಲ್ಲ. ಮನೆಯಲ್ಲಿ ಕೂತು ಪೂರ್ತಿಗೊಳಿಸಿದ ಪ್ರಾಣಿಯ ಮೈಯಲ್ಲಿ ಮನೆಯ ಬೆಳಕು ಬಂದುಬಿಡುತ್ತದೆ. ಕೊಕ್ಕರೆಯ ಚಿತ್ರದ ಮೇಲೆ ಹುಣಸೆ ಎಲೆಯೊಂದು ಅಂಟಿಕೊಂಡು ಬಂದಿತ್ತು, ಅದನ್ನು ತೆಗೆದಾಗ ಉಳಿದ ಕಲೆಯನ್ನು ಎಲೆಗಳ ಗುಂಪಿಗೆ ಸೇರಿಸಿಕೊಂಡೆ. ಮೇ ತಿಂಗಳ ಕೊನೆಗೆ ಕಗ್ಗಲಡುವಿನ ಮರಿಗಳು ಬೂದುಗಂದು ಗರಿ ತಳೆದು ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತಿರುತ್ತವೆ. ಬಿಳಿ, ಗುಲಾಬಿ ಯಾವುದೂ ಇಲ್ಲದ ಆ ಮಂಕು ಗರಿಗಳಿಗೆ ಅಲ್ಟ್ರಾಮೆರಿನ್, ಸಿಯೆನಾ ಎರಡೇ ಸಾಕಾಗಬಹುದೆಂದು ಅವೆರಡರ ಹೊಸ ಟ್ಯೂಬ್ ತರಿಸಲು ಹೇಳಿದ್ದೇನೆ. ಶಾಲೆಗೆ ಬೇಸಿಗೆ ರಜೆಯಿರುವುದರಿಂದ ಶಿಷ್ಯನೂ ಬರುತ್ತೇನೆಂದಿದ್ದಾನೆ.